ಏರಿನಲ್ಲಿ ಇಳಿದರೇನು?

ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಬಲಗಡೆಯ ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಹಿಂದಿನ ಚಕ್ರ ನೆಲ ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿ. ಈಗ ಸೈಕಲ್ಲನ್ನು ಹಿಂದಕ್ಕೆ ಉರುಳಿಸಿ. ಮುಂದಕ್ಕೆ ತಳ್ಳಿದರೆ ಫ್ರೀವೀಲು ಟಿಕ್‌ಟಿಕ್ ಎನ್ನುತ್ತದೆಯೇ ಹೊರತು ಪೆಡಲು ತಿರುಗುವುದಿಲ್ಲ. ಪೆಡಲು ಒಂದು ಸುತ್ತು ಮುಗಿಸಿ ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೆರೆ. ನನ್ನ ಹಳೆಯ 28 ಇಂಚಿನ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18. ಎರಡು ಗೆರೆಗಳ ನಡುವೆ ಐದೂವರೆ ಮೀಟರ್ ಬಂತು.

ಇಂಥದ್ದನ್ನು ಗೇರಿಲ್ಲದ ಸೈಕಲ್ ಎನ್ನುವುದು ರೂಢಿ. ಗೇರು ಇದೆ, ಒಂದೇ ಇದೆ. ಆ ಐದೂವರೆ ಮೀಟರೇ ಅದು. ಸಪಾಟು ರಸ್ತೆಯಾಗಲಿ, ದಿಬ್ಬವಾಗಲಿ, ಪೆಡಲಿನ ಒಂದು ಸುತ್ತಿಗೆ ಸೈಕಲ್ ಅಷ್ಟು ದೂರ ಸಾಗಲೇಬೇಕು.

ಸಪಾಟು ರಸ್ತೆಯಲ್ಲಿ ಇದೇನೂ ಕಷ್ಟವಲ್ಲ. ಸವಾರ 75 ಕೆಜಿ, ಸೈಕಲ್ 20 ಕೆಜಿ ಎಂದಿಟ್ಟುಕೊಂಡರೆ ಗಂಟೆಗೆ 15 ಕಿ.ಮೀ. ವೇಗಕ್ಕೆ ಸುಮಾರು 60 ವ್ಯಾಟ್ ಸಾಕು. ವೇಗವನ್ನು 20ಕ್ಕೆ ಏರಿಸಿದರೆ ಮಾತ್ರ 100 ವ್ಯಾಟ್ ದಾಟುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದೇ ಇದಕ್ಕೆ ಕಾರಣ. ಬಹಳ ದಿನ ವ್ಯಾಯಾಮವಿಲ್ಲದವರು ಮೊದಲ ತಿಂಗಳು 15 ದಾಟದಿರುವುದೇ ಲೇಸು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಎದೆ ನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿ.

ನೂರು ಮೀಟರಿಗೆ ಐದು ಮೀಟರ್ ಏರುವ ದಿಬ್ಬದಲ್ಲಿ ಲೆಕ್ಕವೇ ಬದಲಾಗುತ್ತದೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಪೆಡಲು ನಿಮಿಷಕ್ಕೆ 24 ಸುತ್ತಷ್ಟೇ ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಸರಾಸರಿ 29 ಕೆಜಿ ಭಾರದಷ್ಟು ಒತ್ತಬೇಕು, ಕಾಲು ಕೆಳಗಿಳಿಯುವ ಗಳಿಗೆಯಲ್ಲಿ ಅದಕ್ಕೂ ಹೆಚ್ಚು. ಉಸಿರು ಸಾಲಲಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಎಷ್ಟೋ ಸಲ ಮೊದಲು ಸೋಲುವುದು ತೊಡೆ. ಬಿಗಿಯಾಗಿ ಸಂಕುಚಿಸಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಆಮ್ಲಜನಕ ಬೇಕಾದ ಹೊತ್ತಿಗೇ ರಕ್ತದ ಹರಿವು ತಗ್ಗುತ್ತದೆ. ಬೇಗ ದಣಿಯುವ ಸ್ನಾಯು ಎಳೆಗಳೂ ಕೆಲಸಕ್ಕಿಳಿಯುತ್ತವೆ.

ಪರಿಹಾರ ಸೈಕಲ್ ಶಾಪಿನಲ್ಲೇ ಸಿಗುತ್ತದೆ. ಹಿಂದಿನ 18 ಹಲ್ಲಿನ ಫ್ರೀವೀಲು ಬಿಚ್ಚಿಸಿ 22ರದ್ದು ಹಾಕಿಸಿದರೆ ಐದೂವರೆ ಮೀಟರ್ ನಾಲ್ಕೂವರೆಗೆ ಇಳಿಯುತ್ತದೆ, ಅದೇ ದಿಬ್ಬದಲ್ಲಿ 29 ಕೆಜಿ ಇದ್ದದ್ದು 24 ಆಗುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಸಪಾಟಿನಲ್ಲಿ ಕಾಲು ಸ್ವಲ್ಪ ಚುರುಕಾಗಿ ಆಡಬೇಕು, ನಷ್ಟ ಅಷ್ಟೇ.

ಸೀಟನ್ನೂ ನೋಡಿಕೊಳ್ಳಿ. ಎರಡೂ ಪಾದ ನೆಲಕ್ಕೆ ತಾಗಲಿ ಎಂದು ಸೀಟು ತಗ್ಗಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆಗ ಮಂಡಿ ಅತಿಯಾಗಿ ಮಡಚಿ ಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತದೆ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರ ಬೇಕು.

ಇಷ್ಟಾದರೂ ಕಡಿದಾದ ಏರಿನಲ್ಲಿ ಇಳಿಯಬೇಕಾಗಿ ಬರಬಹುದು. ಇಳಿಯಿರಿ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಎಲ್ಲರಿಗೂ ಗೇರು ಬದಲಿಸುವ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮುಂಚೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಗಾಲಿಗೆ ಚೈನು ಕೂರಿಸಿ ಹತ್ತುತ್ತಿದ್ದರು. ನಮಗೆ ನಡಿಗೆಯೇ ಆ ಎರಡನೆಯ ಗೇರು.

ದಿನ ಬಿಟ್ಟು ದಿನ ಅರ್ಧ ಗಂಟೆ ತುಳಿದರೆ ಒಂದೆರಡು ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಇನ್ನಷ್ಟು ವಾರಗಳಲ್ಲಿ ಸ್ನಾಯುಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗಳು ಬೆಳೆಯುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮಾತ್ರ ನಿಧಾನ. ಹಾಗಾಗಿ ಉಸಿರು ಹಗುರಾಯಿತೆಂದು ಒಮ್ಮೆಲೇ ದೂರ ಹೆಚ್ಚಿಸಿದವರಿಗೆ ಮಂಡಿನೋವು ಕಾಡುವುದುಂಟು.

ನಮ್ಮ ಬಡಾವಣೆಯ ದಿಬ್ಬದಲ್ಲಿ ಮೊದಲ ವಾರ ನಾನು ಮೂರನೆಯ ದೀಪದ ಕಂಬದ ಬಳಿ ಇಳಿಯುತ್ತಿದ್ದೆ. ಫ್ರೀವೀಲು ಬದಲಿಸಿದ ದಿನ ಐದನೆಯದು ಸಿಕ್ಕಿತು. ಈಗ ಒಂಬತ್ತನೆಯದರ ಹತ್ತಿರ, ಹುಣಸೆ ಮರದ ನೆರಳಿನಲ್ಲಿ ಇಳಿಯುತ್ತೇನೆ.