ಸಂಡಾಸದ ಟ್ಯಾಂಕು ಸೋರುತ್ತಿದೆಯೇ? ನಾವೇ ನೋಡಿಕೊಳ್ಳೋಣ



ಚಿದ್ರಿ ಕಡೆ ಈಗ ಅನೇಕ ಮನೆಗಳಲ್ಲಿ ಸಂಡಾಸದೊಳಗೆ ಫ್ಲಶ್ ಟ್ಯಾಂಕು ಬಂದಿದೆ. ಭಾಲ್ಕಿ, ಔರಾದ ಹಳ್ಳಿಗಳ ಶೌಚಾಲಯದಲ್ಲಿ ಹೆಚ್ಚಾಗಿ ಒಂದು ನಳ, ಒಂದು ಬಕೆಟ್ಟು, ಒಂದು ಮಗ್ಗು. ಎರಡೂ ಕಡೆ ದೂರು ಮಾತ್ರ ಒಂದೇ: "ಸಣ್ಣಗೆ ಸೋರ್ಲಕತ್ತದ್ರಿ." ಅದರ ಬೆನ್ನಿಗೇ, "ಏನಾಗ್ತದ ಬಿಡ್ರಿ, ಹನಿ ಹನಿನೇ ಅಲ್ಲಾ?" ಅನ್ನುವ ಮಾತೂ ಬರುತ್ತದೆ.

ಹನಿಯ ಲೆಕ್ಕ ಹಾಕುವುದು ಸುಲಭ. ಸೋರುವ ನಳದ ಕೆಳಗೆ ಒಂದು ಲೀಟರಿನ ತಂಬಿಗೆ ಇಡಿ. ಒಂದು ತಾಸಿನಲ್ಲಿ ತುಂಬಿದರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್ ಹೋಯಿತು. ಫ್ಲಶ್ ಟ್ಯಾಂಕು ಇದಕ್ಕಿಂತ ಹೆಚ್ಚು ಕಳೆಯಬಲ್ಲದು. ತಾಸಿಗೆ 5 ಲೀಟರಿನಂತೆ ಹರಿದರೂ ದಿನಕ್ಕೆ 120 ಲೀಟರ್. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿತು. ಅಂದರೆ ಇಬ್ಬರ ಪಾಲಿನ ನೀರು ಯಾರೂ ಬಳಸದೆ ಗುಂಡಿಗೆ ಇಳಿಯುತ್ತದೆ. ರಾತ್ರಿ ಎಲ್ಲರೂ ಮಲಗಿದಾಗಲೂ ಮೇಲಿನ ಸಿಂಟೆಕ್ಸ್ ಖಾಲಿಯಾಗುತ್ತಲೇ ಇರುತ್ತದೆ. ಬೆಳಗ್ಗೆ ಕೊಡ ಹಿಡಿದು ಹೊರಡುವವರು ಯಾರು, ನಿಮಗೇ ಗೊತ್ತು.

ಬೀದರ ನಗರಕ್ಕೆ ಕಾರಂಜಾ ಜಲಾಶಯದ ನೀರನ್ನು ಪಂಪಿನಿಂದ ಎತ್ತಿ ತರಬೇಕು. 2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಬಂದದ್ದು ನೆನಪಿರಬಹುದು. ಲಾತೂರಿಗೂ ನಮಗೂ ಮಾಂಜ್ರಾ ಒಂದೇ ನದಿ.

ನೀರು ಹೋಗುವುದು ಒಂದು ನಷ್ಟ. ಅದು ಹೋಗಿ ಸೇರುವ ಜಾಗದ ತೊಂದರೆ ಇನ್ನೂ ದೊಡ್ಡದು, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಭಾಲ್ಕಿ, ಔರಾದ ಕಡೆಯ ಎರಿ ಮಣ್ಣು ನೀರನ್ನು ಬೇಗ ಹೀರುವುದಿಲ್ಲ. ಹಗಲು ರಾತ್ರಿ ನೀರು ಬೀಳುತ್ತಿದ್ದರೆ ಗುಂಡಿಯೊಳಗೆ ನೀರೇ ನಿಂತು, ಹೊಲಸು ಕೊಳೆತು ಗೊಬ್ಬರವಾಗದೆ ನಾರುತ್ತದೆ. "ಕಟ್ಟಿಸಿ ಎರಡು ವರ್ಷ ಆಗಿಲ್ಲ, ಗುಂಡಿ ತುಂಬ್ಯದ" ಎನ್ನುವ ಕಡೆ ಮೊದಲು ನಳ ನೋಡಿ. ಬೀದರದ ಕೆಂಪುಕಲ್ಲಿನ ನೆಲದಲ್ಲಿ ಇದಕ್ಕೆ ತಿರುಗಾಮುರುಗಾ. ಈ ಕಲ್ಲು ತೂತುತೂತಾದದ್ದು, ನೀರು ಇದರೊಳಗೆ ಸಲೀಸಾಗಿ ಇಳಿಯುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ಕೊರೆದದ್ದೂ ಇಂಥ ಕಲ್ಲಿನಲ್ಲೇ. ಆದರೆ ಇಲ್ಲಿ ಗುಂಡಿಯ ಹೊಲಸು ನೀರೂ ಅಷ್ಟೇ ಸಲೀಸಾಗಿ ಹತ್ತಿರದ ಬಾವಿಗೆ ಹೋಗಬಲ್ಲದು. ಸೆಪ್ಟಿಕ್ ಟ್ಯಾಂಕು ಇದ್ದವರಿಗೂ ತೊಂದರೆ ತಪ್ಪಿದ್ದಲ್ಲ. ಒಳಗೆ ನೀರು ನಿಶ್ಚಲವಾಗಿ ನಿಂತರೆ ಮಾತ್ರ ಹೊಲಸು ತಳಕ್ಕೆ ಕೂರುತ್ತದೆ, ಸದಾ ಹರಿಯುವ ನೀರು ಅದನ್ನು ಹೊರಗೆ ತಳ್ಳುತ್ತದೆ.

ಇನ್ನು ರಿಪೇರಿಯ ವಿಷಯ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ. ಹೆದರುವುದು ಬೇಡ, ಅದರಲ್ಲಿರುವುದು ನಳದ ನೀರೇ, ಹೊಲಸಲ್ಲ. ಪಿಂಗಾಣಿ ಮುಚ್ಚಳವಾದರೆ ಗೋಣಿಚೀಲದ ಮೇಲೆ ಇಡಿ, ಜಾರಿದರೆ ಒಡೆಯುತ್ತದೆ.

ಒಳಗೆ ಒಂದು ತೇಲುವ ಬಾಲ್ ಇರುತ್ತದೆ. ನೀರು ಏರಿದಂತೆ ಅದೂ ಏರಿ, ನೀರು ಬರುವ ಬಾಯಿಯನ್ನು ಮುಚ್ಚುತ್ತದೆ. ನಡುವೆ ಒಂದು ನಿಂತ ಕೊಳವೆ, ತಳದಲ್ಲಿ ಒಂದು ರಬ್ಬರ್ ವಾಷರ್. ಬಟನ್ ಒತ್ತಿದಾಗ ಈ ವಾಷರ್ ಮೇಲೆದ್ದು ನೀರು ಬಿಡುತ್ತದೆ, ಆಮೇಲೆ ಕೂತು ಮುಚ್ಚುತ್ತದೆ. ಸೋರುವುದು ಹೆಚ್ಚಾಗಿ ಈ ಎರಡರಲ್ಲಿ ಒಂದರಿಂದ: ಮೇಲಿನ ಬಾಲ್, ಇಲ್ಲವೇ ಕೆಳಗಿನ ವಾಷರ್.

ಯಾವುದು ಅಂತ ತಿಳಿಯುವುದು ಹೀಗೆ. ನಿಂತ ಕೊಳವೆಯ ಬಾಯಿಯೊಳಗೆ ನೀರು ಇಳಿಯುತ್ತಿದ್ದರೆ ತಪ್ಪು ಬಾಲಿನದು. ಇಳಿಯುತ್ತಿಲ್ಲವೆಂದರೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಹಾಕಿ, ಅರ್ಧ ತಾಸು ಯಾರೂ ಬಟನ್ ಒತ್ತದಂತೆ ನೋಡಿಕೊಳ್ಳಿ. ಕೆಳಗಿನ ಪಾತ್ರೆಯಲ್ಲಿ ನೀಲಿ ಕಂಡರೆ ವಾಷರ್ ಕೆಟ್ಟಿದೆ.

ಬಾಲ್ ಕೆಟ್ಟಿದ್ದರೆ ಮೊದಲು ಅದನ್ನು ಬಿಚ್ಚಿ ತೆಂಗಿನಕಾಯಿ ಅಲ್ಲಾಡಿಸಿದಂತೆ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ನೀರಿನ ಸಪ್ಪಳ ಬಂದರೆ ತೂತಾಗಿದೆ, ಹೊಸದೇ ಬೇಕು. ಚಲೋ ಇದ್ದರೆ ಅದರ ಹಿತ್ತಾಳೆ ಕಡ್ಡಿಯನ್ನು ಸ್ವಲ್ಪ ಕೆಳಗೆ ಬಗ್ಗಿಸಿ. ಪ್ಲಾಸ್ಟಿಕ್ಕಿನದಾದರೆ ಬಗ್ಗಿಸಬೇಡಿ, ಅದಕ್ಕೆ ತಿರುಗಿಸುವ ಸ್ಕ್ರೂ ಇರುತ್ತದೆ. ನೀರು ನಿಂತ ಕೊಳವೆಯ ಬಾಯಿಗಿಂತ ಒಂದು ಇಂಚು ಕೆಳಗೇ ನಿಲ್ಲಬೇಕು.

ವಾಷರ್ ಆದರೆ ಟ್ಯಾಂಕಿಗೆ ಬರುವ ನೀರು ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ಖಾಲಿ ಮಾಡಿ. ಈಗಿನ ಬಹಳಷ್ಟು ಟ್ಯಾಂಕುಗಳಲ್ಲಿ ನಡುವಿನ ಭಾಗ ಸ್ವಲ್ಪ ತಿರುಗಿಸಿದರೆ ಕೈಗೆ ಬರುತ್ತದೆ. ಬೋರಿನ ನೀರಾದರೆ ರಬ್ಬರಿನ ಮೇಲೆ ಉಪ್ಪಿನ ಬಿಳಿ ಪದರ ಕಟ್ಟಿರುತ್ತದೆ. ಹುಣಸೆಹುಳಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿ. ವಾಷರ್ ಕೂರುವ ಜಾಗವನ್ನೂ ಒರೆಸಿ. ಚಾಕುವಿನಿಂದ ಕೆರೆಯಬೇಡಿ, ಗೀರು ಬಿದ್ದ ಕಡೆ ಮತ್ತೆ ಸೋರುತ್ತದೆ. ರಬ್ಬರು ಸುಕ್ಕುಗಟ್ಟಿದ್ದರೆ ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಬೇಗ ಸ್ವಚ್ಛವಾಗಲಿ ಅಂತ ಟ್ಯಾಂಕಿಗೆ ಆಸಿಡ್ ಸುರಿಯಬೇಡಿ, ರಬ್ಬರು ಹಾಳಾಗುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಕೂಡಿದರಂತೂ ವಿಷಗಾಳಿ ಏಳುತ್ತದೆ, ಸಣ್ಣ ಸಂಡಾಸದೊಳಗೆ ಅದು ಜೀವಕ್ಕೇ ಅಪಾಯ.

ಬರೀ ನಳ ಇದ್ದವರ ಕೆಲಸ ಇನ್ನೂ ಸಣ್ಣದು. ಮೇಲಿನ ವಾಲ್ ಮುಚ್ಚಿ, ನಳ ತೆರೆದು ಉಳಿದ ನೀರು ಬಿಟ್ಟು, ಪಾನಾದಿಂದ ನಳದ ತಲೆ ಬಿಚ್ಚಿದರೆ ತುದಿಯಲ್ಲಿ ಸಣ್ಣ ವಾಷರ್ ಕಾಣುತ್ತದೆ. ಬೆಲೆ ಕೆಲವೇ ರೂಪಾಯಿ. ಕಾಲು ಸುತ್ತಿಗೇ ನಿಲ್ಲುವ ಹೊಸ ನಮೂನೆಯ ನಳಕ್ಕೆ ಈ ವಾಷರ್ ಇರುವುದಿಲ್ಲ, ಒಳಗಿನ ಭಾಗವನ್ನು ಪೂರ್ತಿ ಬದಲಿಸಬೇಕು. ಕೆಲವರು ನಳಕ್ಕೆ ದಾರ ಕಟ್ಟಿ ಬಿಡುತ್ತಾರೆ. ನೀರು ದಾರ ಹಿಡಿದು ಸಪ್ಪಳಿಲ್ಲದೆ ಇಳಿಯುತ್ತದೆ, ನಿಂತದ್ದು ಸಪ್ಪಳ ಮಾತ್ರ!

ಪಾನಾ, ಪಕ್ಕಡ, ಸ್ಕ್ರೂ ಡ್ರೈವರ್, ಬಿಳಿ ಟೇಪು, ನಾಲ್ಕಾರು ವಾಷರ್: ಇಷ್ಟನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಸಂಘಕ್ಕೆ ಒಂದು ಸೆಟ್ ಸಾಕು. ಸಭೆಯಲ್ಲಿ ಮಾತಾಡಿ ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ. ಯಾರ ಮನೆಗೆ ಹೋಯಿತು, ಯಾವಾಗ ತಿರುಗಿ ಬಂತು ಎನ್ನುವುದನ್ನೂ ಬರೆಯಿರಿ, ಇಲ್ಲದಿದ್ದರೆ ಪಾನಾ ಎರಡನೇ ತಿಂಗಳಿಗೆ ಮಾಯ. ಪ್ಲಂಬರ್ ಬರಲಿ ಅಂತ ಹದಿನೈದು ದಿನ ಕಾಯುವುದು ತಪ್ಪುತ್ತದೆ. ಟ್ಯಾಂಕು ಸೀಳಿದ್ದರೆ, ಗೋಡೆ ಒದ್ದೆಯಾಗುತ್ತಿದ್ದರೆ, ಪಾತ್ರೆಯ ಬುಡದಲ್ಲಿ ನೀರು ಬರುತ್ತಿದ್ದರೆ ಮಾತ್ರ ಪ್ಲಂಬರನ್ನೇ ಕರೆಯಿರಿ.

ಗುಂಡಿ ಆಗಲೇ ತುಂಬಿದ್ದರೆ ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ, ಮನುಷ್ಯರನ್ನು ಇಳಿಸಿ ಬಳಿಸುವುದು 2013ರ ಕಾಯ್ದೆಯಂತೆ ಅಪರಾಧವೂ ಹೌದು. ಹೀರುವ ಗಾಡಿ ಕರೆಸಿ. ಅದು ಬರುವ ಮುಂಚೆ ವಾಷರ್ ಹಾಕಿಸಿರಿ, ಇಲ್ಲದಿದ್ದರೆ ಅದೇ ಗಾಡಿಗೆ ಮತ್ತೆ ದುಡ್ಡು ಕೊಡಬೇಕಾದೀತು.