ಮೆಣಸಗಿಯ ಕಾಕಾ ಜರ್ಮನಿಗೆ ಹೋಗಿ ಬಂದರು

ಮೊನ್ನೆ ಸೋಮವಾರ ಬಸ್ ನಿಲ್ದಾಣದಲ್ಲಿ ಮೆಣಸಗಿ ಗಾಡಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದ ಬಾಂಕಿನ ಮೇಲೆ ಧೋತರ, ಬಿಳಿ ಅಂಗಿ, ಗಾಂಧಿ ಟೊಪ್ಪಿಗೆಯ ಯಜಮಾನರೊಬ್ಬರು ಗಿರ್ಮಿಟ್ ತಿಂದು ಮುಗಿಸಿ, ಕಾಗದ ಮುದುಡಿ ಮುಷ್ಟಿಯಲ್ಲಿ ಹಿಡಿದು ಅತ್ತಿತ್ತ ನೋಡುತ್ತಿದ್ದರು. ಕಸದ ಡಬ್ಬಿ ಎದುರಿಗೇ ಇದೆ. ಆದರೂ ಎಸೆಯಲೊಲ್ಲರು.

"ಅದರಾಗ ಹಾಕ್ರಿ ಕಾಕಾ," ಅಂದೆ.

"ಅದು ಬರೇ ಕಾಗದದ್ದೋ, ಎಲ್ಲಾದಕ್ಕೂ ಒಂದೋ? ಅದನ್ನ ನೋಡಾಕತ್ತೀನಿ ತಮ್ಮಾ."

ಇವರು ಸಾಮಾನ್ಯ ಗಿರಾಕಿ ಅಲ್ಲವೆಂದು ಈ ಬಾತ್ಮೀದಾರನಿಗೆ ಆಗಲೇ ಹೊಳೆಯಿತು. ವಿಚಾರಿಸಲಾಗಿ ತಿಳಿದದ್ದು: ಸದರಿ ಯಜಮಾನರು ಮೆಣಸಗಿಯ ರೈತರು. ಮಗ ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಇಂಜಿನಿಯರು. ಮರ್ಸಿಡಿಸ್ ಕಾರಿನ ತವರುಮನೆ ಅದು. ಗಂಡ ಹೆಂಡತಿ ಇಬ್ಬರೂ 85 ದಿವಸ ಅಲ್ಲಿದ್ದು ಬಂದಿದ್ದಾರೆ. 90ಕ್ಕೆ ವೀಸಾ ಮುಗಿಯುತ್ತದೆ, ಆಮೇಲೆ ಬೀಗರಾದರೂ ಅಷ್ಟೇ, ಮಹಾರಾಜರಾದರೂ ಅಷ್ಟೇ. "ಪೇಪರಿನ್ಯಾಗ ಹೆಸರು ಹಾಕಬ್ಯಾಡ" ಎಂದು ಕಾಕಾ ಕೇಳಿಕೊಂಡಿದ್ದಾರೆ. ಹಾಕಿಲ್ಲ.

ಅಂಗಡಿಕಾರ ಬಾಂಧವರು ಮೊದಲು ಕೇಳಬೇಕಾದ ಸುದ್ದಿ ರವಿವಾರದ್ದು. ಅಲ್ಲಿ ರವಿವಾರ ಅಂಗಡಿ ಬಂದ್. ಕಿರಾಣಿ, ಬಟ್ಟೆ, ಚಪ್ಪಲಿ, ಎಲ್ಲಾ ಬಂದ್. ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಪಂಪು, ಸ್ವಲ್ಪ ಹೊತ್ತು ಬ್ರೆಡ್ಡಿನ ಅಂಗಡಿ ಬಿಟ್ಟರೆ ಊರೇ ನಿದ್ದೆ. ಇದು ವರ್ತಕರ ಸಂಘದ ಠರಾವು ಅಲ್ಲ, ಅವರ ಸಂವಿಧಾನದಲ್ಲೇ ಇರುವ ಮಾತು. 1919ರಲ್ಲಿ ಬರೆದದ್ದನ್ನು 1949ರ ಸಂವಿಧಾನ ಹಾಗೆಯೇ ಎತ್ತಿಟ್ಟುಕೊಂಡಿದೆ. ಸಪ್ಪಳಕ್ಕೂ ಅಂದು ರಜೆ. ಕಾಕಾನ ಮನೆಯವರು ಶೇಂಗಾ ಚಟ್ನಿ ಕುಟ್ಟಲು ಕುಳಿತರೆ ಮಗ ಓಡಿ ಬಂದು ಕೈ ಹಿಡಿದನಂತೆ. "ಯವ್ವಾ, ಇವತ್ತ ಕುಟ್ಟಬಾರದು, ನಾಳೆ!" ಚಟ್ನಿಗೂ ಸೋಮವಾರದ ತನಕ ತಡೆಯಾಜ್ಞೆ.

ಇನ್ನು ಬಸ್ಸಿನ ಪ್ರಯಾಣಿಕರಿಗೆ. ಅಲ್ಲಿ ಕಂಡಕ್ಟರ್ ಎಂಬ ಪ್ರಾಣಿಯೇ ಇಲ್ಲ. ಚಿಲ್ಲರೆಯ ಜಗಳವಿಲ್ಲ, "ಮುಂದಕ್ಕ ನಡೀರಿ" ಇಲ್ಲ. ಟಿಕೀಟು ನಾವೇ ತೆಗೆಸಿಕೊಂಡು ಹತ್ತಬೇಕು. ಯಾರೂ ಕೇಳುವುದಿಲ್ಲ ಎಂದು ಕಾಕಾ ಮೊದಲ ವಾರ ಬಹಳ ಮರುಗಿದರು, ಸರಕಾರ ಮುಳುಗಿತಲ್ಲ ಎಂದು. ಎರಡನೇ ವಾರ, ಎದುರಿಗೆ ಕುಳಿತು ಕಿಟಕಿ ನೋಡುತ್ತಿದ್ದ ಸಾದಾ ಅಂಗಿಯ ಮನುಷ್ಯ ಫಟ್ಟನೆ ಎದ್ದು ಬಿಲ್ಲೆ ತೋರಿಸಿದ. ಟಿಕೀಟು ಇಲ್ಲದ ಹುಡುಗನೊಬ್ಬನಿಗೆ 60 ಯೂರೋ ದಂಡ. ನಮ್ಮ ಲೆಕ್ಕದಲ್ಲಿ ಸುಮಾರು ಆರು ಸಾವಿರ ರೂಪಾಯಿ. ಅಂದಿನಿಂದ ಕಾಕಾ ಟಿಕೀಟನ್ನು ಕಿಸೆಯಲ್ಲಿ ಇಟ್ಟದ್ದೇ ಇಲ್ಲ, ಕೈಯಲ್ಲೇ.

2023ರ ಮೇ ತಿಂಗಳಲ್ಲಿ ಆ ದೇಶದವರು 49 ಯೂರೋಕ್ಕೆ ತಿಂಗಳಿಡೀ ದೇಶ ಸುತ್ತುವ ಒಂದು ಪಾಸು ತೆಗೆದರು (ಮುಂದೆ ದರ ಏರಿತು, ಅದು ಎಲ್ಲ ದೇಶದ ಪದ್ಧತಿ). ಮಗ ಇದನ್ನು ಬಲು ಹೆಮ್ಮೆಯಿಂದ ಹೇಳಿದಾಗ ತಾಯಿ, "ನಮ್ಮಲ್ಲಿ ಅದೇ ವರ್ಷ ಜೂನದಾಗ ಹೆಣ್ಮಕ್ಕಳಿಗೆ ಪುಕ್ಕಟ ಆತು, ನಿಮ್ಮದೇನು ದೊಡ್ಡದು" ಎಂದು ಬಾಯಿ ಮುಚ್ಚಿಸಿದರಂತೆ. ಕರ್ನಾಟಕದ ಮಾನ ಉಳಿಯಿತು.

ಬಾಟ್ಲಿಯ ಸಂಗತಿ ನಮ್ಮ ಸೋಡಾ ಅಂಗಡಿಯವರಿಗೆ ಹೊಸದಲ್ಲ. ನೀರಿನ ಪ್ಲಾಸ್ಟಿಕ್ ಬಾಟ್ಲಿ ಕೊಂಡರೆ 25 ಸೆಂಟ್ ಠೇವಣಿ. ಖಾಲಿ ಮಾಡಿ ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಚೀಟಿ ಬರುತ್ತದೆ, ಚೀಟಿ ತೋರಿಸಿದರೆ ರೊಕ್ಕ. ಕಾಕಾ ಯಂತ್ರದ ಮುಂದೆ ಪಾಳಿ ಹಚ್ಚಿ ನಿಲ್ಲುವುದನ್ನು ಬಹಳ ಇಷ್ಟಪಟ್ಟರು. ಆದರೆ ಒಂದು ಸಂಜೆ ತಮ್ಮದೇ ವಯಸ್ಸಿನ, ಇಸ್ತ್ರಿ ಅಂಗಿಯ ಮುದುಕನೊಬ್ಬ ಬ್ಯಾಟರಿ ಬಿಟ್ಟುಕೊಂಡು ಕಸದ ಡಬ್ಬಿಯೊಳಗೆ ಬಾಟ್ಲಿ ಹುಡುಕುವುದನ್ನು ಕಂಡರು. "ಅಲ್ಲೂ ಅದಾರ ತಮ್ಮಾ" ಎಂದು ಒಂದು ಗಳಿಗೆ ಸುಮ್ಮನಾದರು. ತಿಳಿದವರು ಬಾಟ್ಲಿಯನ್ನು ಡಬ್ಬಿಯೊಳಗೆ ಹಾಕುವುದಿಲ್ಲ, ಹೊರಗೆ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಮರುದಿನದಿಂದ ಕಾಕಾನೂ ಹಾಗೇ ಇಟ್ಟರು.

ಈಗ ಬಂತು ಮುಖ್ಯ ಪ್ರಕರಣ. ಸ್ಟುಟ್‌ಗಾರ್ಟ್ ಕಡೆಯ ಬಾಡಿಗೆ ಮನೆಗಳಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ, ಮುಂದಿನ ಹಾದಿಯನ್ನು ಗುಡಿಸಬೇಕು. ಪಾಳಿ ಬಂದವರ ಬಾಗಿಲಿಗೆ ಒಂದು ಫಲಕ ತೂಗುತ್ತದೆ. ಅದಕ್ಕೆ 'ಕೇರ್‌ವೋಖೆ' ಎನ್ನುತ್ತಾರೆ. ಕೇರ್ ಅಂದರೆ ಗುಡಿಸು, ವೋಖೆ ಅಂದರೆ ವಾರ. ಕಾಕಾನ ಮನೆಯವರಿಗೆ ಅರ್ಥ ಹೇಳುವ ಜರೂರೇ ಬೀಳಲಿಲ್ಲ. "ಕೇರೂದು ನಮಗ ಗೊತ್ತಿಲ್ಲೇನು? ಮರದಾಗ ಜೋಳ ಕೇರಿದಂಗ." ನೀರಿನ ಪಾಳಿ ಕಂಡ ಸೀಮೆಯ ಹೆಣ್ಣುಮಗಳು. ಮುಂಜಾನೆ ಐದಕ್ಕೆ ಎದ್ದು ಗುಡಿಸಿ, ತಂಬಿಗೆ ನೀರು ಚಿಮುಕಿಸಿ, ಮೊಮ್ಮಗನ ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಮುಂದೆ ಹದಿನೈದು ಚುಕ್ಕಿಯ ರಂಗೋಲಿ ಹಾಕಿಬಿಟ್ಟರು! ಮಗನಿಗೆ ಜೀವ ಹಾರಿತು. ಯಾವ ಕಾಯ್ದೆ ಮುರಿದಂತಾಯಿತೋ? ಕೆಳಗಿನ ಮನೆಯ ಮುದುಕಿ ಹೊರಗೆ ಬಂದಳು, ಕನ್ನಡಕ ಹಾಕಿಕೊಂಡಳು, ಸುತ್ತು ಹಾಕಿ ದಾಟಿದಳು. ಸಂಜೆ ಒಂದು ತಾಟು ಕೇಕು ತಂದುಕೊಟ್ಟು ಕೈಸನ್ನೆಯಲ್ಲಿ ಕೇಳಿದಳಂತೆ: ನನ್ನ ಪಾಳಿಯ ವಾರವೂ ಹಾಕಿಕೊಡುತ್ತೀಯಾ?

ಭಾಷೆಯ ಮಾತು ಬಂದಾಗ ಕಾಕಾ ನಕ್ಕರು. "ಮಾತಿಗೊಮ್ಮೆ ಬಿಟ್ಟೆ ಬಿಟ್ಟೆ ಅಂತಾರ. ಏನು ಬಿಟ್ಟರೋ ಅಂತ ನಾನು ಕೆಳಗ ಹುಡುಕತಿದ್ದೆ." ಬಿಟ್ಟೆ ಅಂದರೆ 'ದಯವಿಟ್ಟು'.

ಆದರೆ ಮೊಮ್ಮಗನ ಮಾತು ತೆಗೆದಾಗ ನಗೆ ಇರಲಿಲ್ಲ. ಐದು ವರ್ಷದ ಹುಡುಗ. ದಿನವಿಡೀ ಬಾಲವಾಡಿಯಲ್ಲಿ ಜರ್ಮನ್. ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಜರ್ಮನ್. ಆಯಿ ಕತೆ ಹೇಳಿದರೆ ಅವನು ಏನೋ ಕೇಳುತ್ತಾನೆ, ಆಯಿಗೆ ತಿಳಿಯದು. ಮಗನೇ ನಡುವೆ ದುಭಾಷಿ. "ನನ್ನ ಮೊಮ್ಮಗನ ಜೋಡಿ ಮಾತಾಡಾಕ ನನಗ ಮಧ್ಯಸ್ತರು ಬೇಕಾತ್ರಿ" ಎಂದು ಅಷ್ಟೊತ್ತು ಸುಮ್ಮನಿದ್ದ ಆ ತಾಯಿ ಹೇಳಿದರು.

ಒಂದು ದಿವಸ ಮಗ ಇವರನ್ನು ರೈಲಿನಲ್ಲಿ ಟ್ಯೂಬಿಂಗೆನ್ ಎಂಬ ಊರಿಗೆ ಒಯ್ದ. ನೆಕ್ಕರ್ ಹೊಳೆ ಊರ ನಡುವೆಯೇ ಹರಿಯುತ್ತದೆ. 2009, 2019ರ ಮಲಪ್ರಭೆಯನ್ನು ಕಂಡ ಕಾಕಾ, ಮೊದಲು ಇದು ಮನೆಗೆ ನುಗ್ಗುವುದಿಲ್ಲವೇ ಎಂದು ಕೇಳಿದರು. ಕನ್ನಡ ನಿಘಂಟಿನ ಕಿಟ್ಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲೇ. 1853ರಲ್ಲಿ ನಮ್ಮ ಕಡೆ ಬಂದ ಪಾದ್ರಿ, ಬೆಟಗೇರಿಯ ಜರ್ಮನ್ ಆಸ್ಪತ್ರೆ ಕಟ್ಟಿದ ಬಾಸೆಲ್ ಮಿಶನ್ನಿನವರೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ.

"ಆ ಮನುಷ್ಯ ಎಪ್ಪತ್ತು ಸಾವಿರ ಕಲಿತ," ಎಂದರು ಕಾಕಾ. "ನಮ್ಮವ ನಾವು ಹೋದಾಗ ಹನ್ನೊಂದು ಆಡತಿದ್ದ."

"ಬರೂ ಮುಂದ ಮೂವತ್ತಾರು," ಎಂದು ತಾಯಿ ತಿದ್ದಿದರು. ದಿನಾ ರಾತ್ರಿ ಎಣಿಸುತ್ತಿದ್ದರಂತೆ. ಪಾಳಿ, ರಂಗೋಲಿ, ಚಟ್ನಿ, ಹೊಳಿ, ಎತ್ತು. ಎತ್ತು ತೋರಿಸಲು ಅಲ್ಲಿ ಎತ್ತು ಸಿಗದೆ ಕಾಕಾ ತಾವೇ ಬಗ್ಗಿ ನಿಂತರಂತೆ.

ಅಷ್ಟರಲ್ಲಿ ಅವರ ಫೋನು ಬಡಿಯಿತು. ಇಲ್ಲಿ ಹನ್ನೊಂದು, ಅಲ್ಲಿ ಏಳೂವರೆ, ಹುಡುಗ ಬಾಲವಾಡಿಗೆ ಹೊರಡುವ ಹೊತ್ತು. ಪರದೆಯ ಮೇಲೆ ಹಲ್ಲುಜ್ಜುವ ಬ್ರಶ್ಶು ಕಂಡಿತು, ಆಮೇಲೆ ಮುಖ.

"ಆಯೀ, ಬಸ್ಸು ಬಂತಾ?"

ತಾಯಿ ನನ್ನ ಕಡೆ ತಿರುಗಿ, "ಬಂತಾ. ಮೂವತ್ತೇಳು" ಎಂದರು.

ಬಸ್ಸೂ ಬಂತು. ಅವರಿಗೆ ಶೂನ್ಯ ಟಿಕೀಟು, ಕಾಕಾನಿಗೆ ರೊಕ್ಕದ ಟಿಕೀಟು. ಮೆಣಸಗಿ ಇಳಿಯುವ ತನಕ ಅದು ಅವರ ಕೈಯಲ್ಲೇ ಇತ್ತು.