ಓಡದ ಟ್ರಕ್ಕಿಗೂ ಹೊಸ ಆಯಿಲ್

ಕಡಿಮೆ ಓಡುವ ಟ್ರಕ್ಕಿನ ಎಂಜಿನ್ ಆಯಿಲ್ ಬದಲಿಸಲು ಕಿಲೋಮೀಟರ್ ಲೆಕ್ಕವೊಂದೇ ಸಾಲದು. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ದೂರದ ಜೊತೆ ಅವಧಿಯನ್ನೂ ಹೇಳುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಅನೇಕ ಪಿಕಪ್‌ಗಳಿಗೆ ಈ ಅವಧಿ 12 ತಿಂಗಳು.

ಇಂಧನ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ, ಉರಿಯದ ಇಂಧನದೊಂದಿಗೆ, ಪಿಸ್ಟನ್ ರಿಂಗ್‌ಗಳನ್ನು ದಾಟಿ ಆಯಿಲ್ ಸೇರುತ್ತದೆ. ದೂರ ಪ್ರಯಾಣದಲ್ಲಿ ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುವುದರಿಂದ ನೀರು ಆವಿಯಾಗಿ ಹೋಗುತ್ತದೆ. ಮೂರ್ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅಲ್ಲೇ ಉಳಿದು ಆಮ್ಲಕ್ಕೂ ಕೆಸರಿಗೂ ದಾರಿ ಮಾಡುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವ ರೂಢಿಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಬಣ್ಣವನ್ನಂತೂ ನಂಬುವಂತಿಲ್ಲ: ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲೂ ಮಸಿಯಿಂದ ಬೇಗ ಕಪ್ಪಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ, ನಿಲ್ಲಿಸುವ ಮುನ್ನವೇ ಫಿಲ್ಟರ್ ಸಹಿತ ಬದಲಿಸುವುದು ಲೇಸು.